ಲೈನ್‌ಮನ್ ಮನೆಯ ಮಾತಿನ ಹಲಗೆ

ಲೈನ್‌ಮನ್ ಮೊದಲ ಸಲ ಆ ಅಂಗಡಿಗೆ ಬಂದಾಗ ಅಂಗಡಿಯವಳ ಮುಖ ನೋಡಲಿಲ್ಲ, ಗೋಡೆ ನೋಡಿದರು.

ಅದು ಕಂಪ್ಯೂಟರ್ ರಿಪೇರಿ ಅಂಗಡಿ. ಅಂಗಡಿ ಎನ್ನುವುದು ದೊಡ್ಡ ಮಾತಾಯಿತು. ಮೂರು ಅಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದು ಅದು. ಒಳಗೆ ಹೋಗುವಾಗ ತಲೆ ಬಗ್ಗಿಸಬೇಕು, ಹೊರಗೆ ಬರುವಾಗ ಬಗ್ಗಿಸಲು ಮರೆತವರು ಹಣೆ ಉಜ್ಜಿಕೊಳ್ಳಬೇಕು. ಯಾರಾದರೂ ಮಹಡಿ ಹತ್ತಿದರೆ ಕೂತವರ ನೆತ್ತಿಯ ಮೇಲೇ ನಡೆದಂತೆ ಸದ್ದಾಗುತ್ತಿತ್ತು. ಅಂಗಡಿ ನಡೆಸುವಾಕೆಯನ್ನು ಬೀದಿಯವರೆಲ್ಲ ‘ರಿಪೇರಿ ಅಕ್ಕ’ ಎನ್ನುತ್ತಿದ್ದರು. ವಯಸ್ಸಿನಲ್ಲಿ ಹಿರಿಯರಾದವರೂ ಹಾಗೆಯೇ ಕರೆಯುತ್ತಿದ್ದರು, ಆಕೆಯೂ ಅದಕ್ಕೇ ತಿರುಗುತ್ತಿದ್ದಳು.

ಆ ದಿನ ಆಕೆ ಪ್ರಿಂಟರೊಂದರ ಹೊಟ್ಟೆ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಬಾಗಿಲಲ್ಲಿ ನೆರಳು ಬಿತ್ತು. ಅರವತ್ತರ ಆಸುಪಾಸಿನ, ಸಣಕಲು ಮೈಯ ಗಂಡಸು. ನಿವೃತ್ತಿಯಾದ ಮೇಲೂ ಬಿಡದ, ಒಗೆದೊಗೆದು ಬಣ್ಣ ಬಿಟ್ಟ ಖಾಕಿ ಅಂಗಿ, ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಟೆಸ್ಟರ್. ಬಂದವರ ಕಣ್ಣು ಮೇಜಿನ ಹಿಂದಿನ ಪ್ಲಗ್ಗಿನಿಂದ ಹೊರಟು, ವೈರಿನ ಜಾಡು ಹಿಡಿದು ಮೇಲೇರಿ, ಸೂರಿನ ಮೂಲೆಯಲ್ಲಿ ತಿರುಗಿ, ಮೀಟರಿನ ಬಳಿ ನಿಂತಿತು. ಊರಿಗೆ ಬಂದ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ಅಳೆಯುವ ಹಾಗೆ ಅಳೆದರು.

“ಈ ಪ್ಲಗ್ಗು ಅಲ್ಲಾಡ್ತಿದೆ,” ಎಂದರು.

“ಎರಡು ವರ್ಷದಿಂದ ಅಲ್ಲಾಡ್ತಿದೆ ಸಾರ್. ಏನೂ ಆಗಿಲ್ಲ.”

“ಏನಾದ್ರೂ ಆಗೋವರೆಗೂ ಏನೂ ಆಗಿರಲ್ಲಮ್ಮ. ಮೇನ್ ಸ್ವಿಚ್ ಎಲ್ಲಿದೆ?”

ಆಕೆ ಹೊರಗಿನ ಗೋಡೆ ತೋರಿಸಿದಳು. ಹೋಗಿ ಮೇನ್ ಆಫ್ ಮಾಡಿ ಬಂದರು. ಮೊಣಕಾಲೂರಿ ಕೂತು ಪ್ಲಗ್ಗಿನ ಮುಚ್ಚಳ ಬಿಚ್ಚಿ, ಒಳಗಿನ ಕಪ್ಪಾದ ವೈರಿನ ತುದಿಯನ್ನು ಆಕೆಯ ಅಂಗೈ ಮೇಲಿಟ್ಟರು. ಸುಟ್ಟ ಪ್ಲಾಸ್ಟಿಕ್ ವಾಸನೆ ಮೂಗಿಗೆ ಹೊಡೆಯಿತು. ಹೊಸ ತುದಿ ಹೆರೆದು, ಬಿಗಿದು, ಕರೆಂಟು ಕೊಟ್ಟು, ಟೆಸ್ಟರ್ ಇಟ್ಟು ನೋಡಿ, ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತ ಮೇಲೆಯೇ ಬಂದ ಕೆಲಸದ ಮಾತೆತ್ತಿದ್ದು.

“ಕಂಪ್ಯೂಟರಲ್ಲಿ ಇರೋದನ್ನೆಲ್ಲ ತಾನೇ ಕಾಪಿ ಮಾಡಿ ಇಟ್ಕೊಳ್ಳೋ ಹಾಗೆ ಮಾಡ್ತಾರಂತಲ್ಲ, ನಿಮಗೆ ಬರುತ್ತಾ ಅದು?”

“ಬ್ಯಾಕಪ್ಪಾ? ಬರುತ್ತೆ. ಕಂಪ್ಯೂಟರ್ ತಂದಿದೀರಾ?”

“ತರೋಕಾಗಲ್ಲ. ಅದನ್ನ ಇಲ್ಲಿಗೆ ತಂದುಬಿಟ್ರೆ ನನ್ನ ಮಗಳು ಮಾತಾಡೋದು ಹೇಗೆ?”

ಮಗಳು ಬೇರೆ ಊರಿನಲ್ಲಿದ್ದಾಳೆ, ಕಂಪ್ಯೂಟರಿನಲ್ಲಿ ಮುಖ ನೋಡಿಕೊಂಡು ಮಾತಾಡುತ್ತಾಳೆ ಎಂದುಕೊಂಡಳು ರಿಪೇರಿ ಅಕ್ಕ. ಸಂಜೆ ಬರುತ್ತೇನೆಂದು ವಿಳಾಸ ಕೇಳಿದಳು. ಅವರ ಮನೆಗೆ ಹೋದ ಮೇಲೆ ತಾನು ಅಂದುಕೊಂಡದ್ದಕ್ಕೆ ತಾನೇ ನಾಚಿಕೊಂಡಳು.

ಎರಡು ಕೋಣೆಯ ಮನೆ. ವೈರುಗಳು ಗೋಡೆಯ ಮೇಲೆ ಗೆರೆ ಎಳೆದಂತೆ ನೇರವಾಗಿ ಓಡಿದ್ದವು. ಹೊರಕೋಣೆಯ ನಟ್ಟನಡುವೆ ಗಿಡ್ಡ ಮೇಜು, ಅದರ ಮೇಲೆ ಬೆರಳು ತಾಗಿಸಿದರೆ ಕೆಲಸ ಮಾಡುವ ದೊಡ್ಡ ಪರದೆ. ಪರದೆಯ ಸುತ್ತ ಮರದ ಚೌಕಟ್ಟು, ಚೌಕಟ್ಟಿನ ಮೂಲೆಗಳಿಗೆ ಕೈ ತಾಗಿದರೆ ನೋಯಬಾರದೆಂದು ಸೈಕಲ್ ಟ್ಯೂಬಿನ ತುಂಡು ಸುತ್ತಿತ್ತು. ಎದುರಿಗೆ ಗಾಲಿಕುರ್ಚಿಯಲ್ಲಿ ಇಪ್ಪತ್ತು ದಾಟಿದ ಹುಡುಗಿ. ಹುಟ್ಟಿದಂದಿನಿಂದ ಅವಳ ನಾಲಿಗೆ ಅವಳ ಮಾತು ಕೇಳಿರಲಿಲ್ಲ. ಕೈಕಾಲುಗಳೂ ಮನಸ್ಸು ಬಂದರೆ ಕೇಳುತ್ತಿದ್ದವು, ಇಲ್ಲದಿದ್ದರೆ ಇಲ್ಲ. ಬಲಗೈಯ ತೋರುಬೆರಳು ಒಂದು ಮಾತ್ರ ಅವಳ ಪಕ್ಷದಲ್ಲಿತ್ತು.

ಪರದೆಯ ತುಂಬ ಚೌಕಚೌಕವಾಗಿ ಚಿತ್ರಗಳು. ಹುಡುಗಿ ಬಂದವಳನ್ನು ನೋಡಿದಳು. ಬೆರಳು ಗಾಳಿಯಲ್ಲಿ ಎರಡು ಸುತ್ತು ಹೊಡೆದು ಲೋಟದ ಚಿತ್ರದ ಮೇಲೆ ಇಳಿಯಿತು. “ನೀರು ಬೇಕು,” ಎಂದಿತು ಹೆಣ್ಣುದನಿಯೊಂದು. ಅವಸರದ ದನಿ, ಹಿಂದೆ ಎಲ್ಲೋ ಪಾತ್ರೆ ಬಿದ್ದ ಸದ್ದು. ಲೈನ್‌ಮನ್ ನೀರು ತಂದು ಮಗಳ ಬಾಯಿಗೆ ಹಿಡಿದರು. ಅವಳು ಮುಖ ತಿರುಗಿಸಿ ಇನ್ನೊಂದು ಚಿತ್ರ ಒತ್ತಿದಳು. “ಬೇಡ!” ಎಂದಿತು ಅದೇ ದನಿ, ಗದರಿಸಿ. ಆಮೇಲೆ ಹುಡುಗಿ ರಿಪೇರಿ ಅಕ್ಕನ ಕಡೆ ಕಣ್ಣು ಹೊರಳಿಸಿದಳು.

“ಓ, ನಿಮಗೆ ಕೊಡು ಅಂತಿದಾಳೆ,” ಎಂದು ಲೈನ್‌ಮನ್ ನಕ್ಕರು. “ಕೊಡು ಅನ್ನೋ ಮಾತು ಇವಳ ಹಲಗೆಯಲ್ಲಿಲ್ಲ. ಇದ್ದಿದ್ರಲ್ಲೇ ಸಂಸಾರ ತೂಗಿಸ್ತಾಳೆ.”

ಈ ಮಾತಿನ ಹಲಗೆಯನ್ನು ವಿಶೇಷ ಶಾಲೆಯ ಟೀಚರ್ ಹಾಕಿಕೊಟ್ಟಿದ್ದರು. ಚಿತ್ರ ಹುಡುಕಿದ್ದು, ಒಂದೊಂದಕ್ಕೂ ದನಿ ತುಂಬಿದ್ದು ತಾಯಿ. ಮನೆಗೆಲಸದ ನಡುವೆ ಬಿಡುವಾದಾಗ ಬಂದು ಒಂದು ಮಾತು ಹೇಳಿ ಹೋಗುತ್ತಿದ್ದರಂತೆ. ಹಾಗಾಗಿ ‘ಹಸಿವು’ ಎಂಬುದರ ಹಿಂದೆ ಪಾತ್ರೆ ಸದ್ದಿತ್ತು, ‘ನಿದ್ದೆ’ಯ ಹಿಂದೆ ಕಾಗೆ ಕೂಗುತ್ತಿತ್ತು, ‘ನೋವು’ ಹೇಳುವಾಗ ಬಾಗಿಲಿಗೆ ಯಾರೋ ಬಂದಿದ್ದರು.

“ಇವಳಮ್ಮ ಹೋಗಿ ವರ್ಷದ ಮೇಲಾಯ್ತು,” ಎಂದು ಮಗಳ ಕಿವಿಗೆ ಬೀಳದಂತೆ ಪಿಸುಗುಟ್ಟಿದರು ಲೈನ್‌ಮನ್. “ದನಿ ಉಳಿದಿರೋದು ಇದರೊಳಗೇ. ಮೊನ್ನೆ ಟೀಚರ್ ಕೇಳಿದ್ರು, ಇದಕ್ಕೆ ಕಾಪಿ ಇದೆಯಾ ಅಂತ. ಅವತ್ತಿಂದ ಅನ್ನ ಗಂಟಲಲ್ಲಿ ಇಳೀತಿಲ್ಲ.”

ರಿಪೇರಿ ಅಕ್ಕ ಅಂಗೈಯಗಲದ ಹೊಸ ಡಿಸ್ಕೊಂದನ್ನು ಕಂಪ್ಯೂಟರಿನ ಹಿಂದೆ ಸಿಕ್ಕಿಸಿದಳು. ಕಂಪ್ಯೂಟರ್ ದಿನಾ ತಾನೇ ಎಲ್ಲವನ್ನೂ ಇದಕ್ಕೆ ಬರೆದಿಡುತ್ತದೆ, ಒಳಗಿನದು ಕೆಟ್ಟರೂ ಹೊರಗಿನದು ಇರುತ್ತದೆ ಎಂದು ವಿವರಿಸಿದಳು.

“ಒಂದು ಫೀಡರ್ ಲೈನ್ ಹೋದ್ರೆ ಇನ್ನೊಂದರಿಂದ ಊರಿಗೆ ಕರೆಂಟು ಕೊಟ್ಟ ಹಾಗೆ.”

“ಅದೇ ಸಾರ್. ಹಗಲು ಇವಳು ಮಾತಾಡ್ತಿರುವಾಗ ಕಾಪಿ ಶುರುವಾದ್ರೆ ಹಲಗೆ ನಿಧಾನ ಆಗುತ್ತೆ. ಅದಕ್ಕೇ ನಡುರಾತ್ರಿಗೆ ಇಟ್ಟಿದೀನಿ. ಒಂದೇ ವಿಷಯ, ರಾತ್ರಿ ಕಂಪ್ಯೂಟರ್ ಆಫ್ ಮಾಡಬೇಡಿ.”

“ಮುಟ್ಟೋದೇ ಇಲ್ಲ.”

ಕಣ್ಣೆದುರೇ ಒಮ್ಮೆ ಕಾಪಿ ಮಾಡಿಯೂ ತೋರಿಸಿದಳು. ಪರದೆಯ ಮೂಲೆಯಲ್ಲಿ ಹಸಿರು ಪಟ್ಟಿ ತುಂಬುವುದನ್ನು ಲೈನ್‌ಮನ್ ಕಂಬ ಹತ್ತಿದ ಜೊತೆಗಾರನನ್ನು ಕೆಳಗಿನಿಂದ ನೋಡುವ ಹಾಗೆ ಕತ್ತೆತ್ತಿ ನೋಡಿದರು.

“ಆಗಾಗ ತೆಗೆದು ನೋಡ್ತಿರಬೇಕಾ?”

“ಏನೂ ಬೇಡ ಸಾರ್. ತಾನೇ ಆಗುತ್ತೆ. ಅದಕ್ಕೇ ಅಲ್ವಾ ಆಟೋಮ್ಯಾಟಿಕ್ ಅನ್ನೋದು.”

ಅಂದಿನಿಂದ ಲೈನ್‌ಮನ್‌ಗೆ ಆ ಮೆಟ್ಟಿಲ ಸಂದು ಅಭ್ಯಾಸವಾಯಿತು. ಬೆಳಿಗ್ಗೆ ಮಗಳನ್ನು ಶಾಲೆಯ ವ್ಯಾನು ಕರೆದುಕೊಂಡು ಹೋದ ಮೇಲೆ ಬಂದು, ಮಧ್ಯಾಹ್ನ ಅವಳು ಊಟಕ್ಕೆ ಮರಳುವವರೆಗೆ ಕೂರುತ್ತಿದ್ದರು. ಸುಮ್ಮನೆ ಕೂರುವ ಜಾಯಮಾನವಲ್ಲ. ಟೇಬಲ್ ಫ್ಯಾನಿಗೆ ಎಣ್ಣೆ ಬಿಡುವುದು, ಗಿರಾಕಿಗಳು ಬಿಟ್ಟುಹೋದ ವೈರುಗಳನ್ನು ಸುತ್ತಿಡುವುದು. “ನೀವು ಊರಿಗೆಲ್ಲ ಅಕ್ಕ, ನನಗೆ ಮಾತ್ರ ತಂಗಿ,” ಎಂದು ತಾವೇ ಸಂಬಂಧ ಗೊತ್ತುಮಾಡಿಕೊಂಡರು. ಆಕೆಯೂ ಸಾರ್ ಬಿಟ್ಟು ಅಣ್ಣ ಎನ್ನತೊಡಗಿದಳು.

ಕಂಬದ ಕಥೆಗಳು ಅವರ ಹತ್ತಿರ ಮೂಟೆಗಟ್ಟಲೆ ಇದ್ದವು. ಗಾಳಿಗೆ ತಂತಿ ಹರಿದು ಬಿದ್ದದ್ದು, ಕತ್ತಲಾದರೆ ಸಾಕು ಜನ ಫೋನು ಮಾಡಿ ಅಪ್ಪ ಅಮ್ಮನನ್ನೆಲ್ಲ ಎಳೆದು ಬೈಯುತ್ತಿದ್ದದ್ದು. ಒಂದು ಕಥೆ ಮಾತ್ರ ನಗದೆ ಹೇಳುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಲೈನ್ ಆಫ್ ಆಗಿದೆ ಎಂದು ಆಫೀಸಿನಿಂದ ಬಂದ ಬಾಯಿಮಾತು ನಂಬಿ ಜೊತೆಗಾರನೊಬ್ಬ ಕಂಬ ಹತ್ತಿದ್ದ. ಇಳಿಯಲಿಲ್ಲ, ಇಳಿಸಬೇಕಾಯಿತು.

“ಅವತ್ತಿಂದ ಯಾರು ಏನೇ ಹೇಳಲಿ ತಂಗಿ, ನನ್ನ ಕೈಯಾರೆ ಟೆಸ್ಟ್ ಮಾಡದೆ ತಂತಿ ಮುಟ್ಟಿಲ್ಲ. ದೇವರೇ ಬಂದು ಕರೆಂಟಿಲ್ಲ ಅಂದ್ರೂ, ಸ್ವಲ್ಪ ಸರಿದು ನಿಲ್ಲು ಸ್ವಾಮಿ, ನೋಡ್ತೀನಿ ಅಂತಿದ್ದೆ.”

ಮಗಳ ಹಲಗೆಗೆ ಹೊಸ ಮಾತು ಸೇರಿಸುವುದನ್ನು ಅವರು ಕಲಿತದ್ದೂ ಈ ಸಂದಿನಲ್ಲೇ. ಹೆಂಡತಿ ತುಂಬಿದ್ದ ಮಾತುಗಳೆಲ್ಲ ಬೇಕು ಬೇಡಗಳವು: ನೀರು, ಹಸಿವು, ಊಟ, ನಿದ್ದೆ, ನೋವು, ಬಾ, ಹೌದು, ಬೇಡ, ಅಪ್ಪ, ಅಮ್ಮ. ಪ್ರಶ್ನೆ ಕೇಳಲು ಒಂದೂ ಇರಲಿಲ್ಲ. ತಾಯಿ ಹೋದ ಮೇಲೆ ಮಗಳು ‘ಅಮ್ಮ’ ಒತ್ತಿ, ‘ಬಾ’ ಒತ್ತಿ, ಬಾಗಿಲು ನೋಡುತ್ತ ಕೂರುತ್ತಿದ್ದಳು. ತಾಯಿಯ ದನಿಯೇ ‘ಅಮ್ಮ, ಬಾ’ ಎಂದು ತಾಯಿಯನ್ನು ಕರೆಯುವುದನ್ನು ಕೇಳಿ ಲೈನ್‌ಮನ್ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದರು. ಮಗಳಿಗೆ ಪ್ರಶ್ನೆ ಕೊಡಿ, ಜಗಳ ಆಡೋಕೂ ಮಾತು ಕೊಡಿ ಎಂದರಂತೆ ಟೀಚರ್. ಸರಿ, ಲೈನ್‌ಮನ್ ಖಾಲಿ ಕುರ್ಚಿಯ ಚಿತ್ರ ಹಾಕಿ ತಮ್ಮದೇ ದನಿಯಲ್ಲಿ ‘ಎಲ್ಲಿ?’ ತುಂಬಿದರು.

“ಯಾಕೆ ಅನ್ನೋದಕ್ಕೆ ಯಾವ ಚಿತ್ರ ಹಾಕೋದು ತಂಗಿ?” ಎಂದು ಒಂದು ದಿನ ಕೇಳಿದರು.

ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಅವರೇ ಹೇಳಿದರು: “ಉರೀದೆ ಇರೋ ಬಲ್ಬು. ಕರೆಂಟು ಹೋದ ತಕ್ಷಣ ಜನ ಮೊದಲು ಕೇಳೋದು ಅದೇ ತಾನೆ?”

‘ಸುಳ್ಳು’ ಎಂಬುದಕ್ಕೆ ತಮ್ಮದೇ ಫೋಟೋ ಹಾಕಿದರು. ತಮಾಷೆಗೆಂದು ಹಾಕಿದ್ದು, ತಮಗೇ ತಿರುಗಿ ಬಡಿಯಿತು. ಅದುವರೆಗೆ ಮಗಳಿಗೆ ಅಮ್ಮ ಆಸ್ಪತ್ರೆಯಲ್ಲಿದ್ದಾಳೆ ಎಂದೇ ಹೇಳಿಕೊಂಡು ಬಂದಿದ್ದರು. ಒಂದು ಸಂಜೆ ಮಗಳು ‘ಅಮ್ಮ’ ಒತ್ತಿದಳು, ‘ಎಲ್ಲಿ?’ ಒತ್ತಿದಳು. ಆಸ್ಪತ್ರೆ ಎಂದರು. ಅಪ್ಪನ ಮುಖದ ಮೇಲಿಂದ ಕಣ್ಣು ಕೀಳದೆಯೇ ಅವಳ ಬೆರಳು ಹೋಗಿ ಅಪ್ಪನ ಫೋಟೋ ಒತ್ತಿತು. ‘ಸುಳ್ಳು’ ಎಂದಿತು ಲೈನ್‌ಮನ್‌ರದೇ ದನಿ.

“ಆಮೇಲೆ ನಿಜ ಹೇಳಿದೆ,” ಎಂದರು ರಿಪೇರಿ ಅಕ್ಕನ ಎದುರು, ಸುತ್ತಿದ ವೈರನ್ನೇ ಬಿಚ್ಚಿ ಮತ್ತೆ ಸುತ್ತುತ್ತ. “ಅತ್ತಳು. ಅತ್ತು ಮುಗಿಸಿ ಬಲ್ಬ್ ಒತ್ತಿದಳು. ಯಾಕೆ ಅಂತೆ. ಏನು ಹೇಳೋದು? ನನಗೇನು ಗೊತ್ತು? ದಿನಾ ಕೇಳ್ತಾಳೆ. ನಾನೂ ದಿನಾ, ಗೊತ್ತಿಲ್ಲ ಮಗಾ ಅಂತೀನಿ. ಆದ್ರೆ ಒಂದು, ಈಗ ಸುಳ್ಳು ಒತ್ತಲ್ಲ.”

ಹೀಗೆ ಆರೇಳು ತಿಂಗಳು ಕಳೆದವು. ಹಲಗೆಯ ಕೆಳಗಿನ ಸಾಲುಗಳು ಅಪ್ಪನ ಮಾತುಗಳಿಂದ ತುಂಬುತ್ತ ಬಂದವು.

ಒಂದು ಬೆಳಿಗ್ಗೆ ಲೈನ್‌ಮನ್ ಓಡುತ್ತ ಬಂದರು. ತಲೆ ಬಗ್ಗಿಸಲು ಮರೆತು ಹಣೆ ಹೊಡೆಸಿಕೊಂಡರು, ಅದೂ ಅರಿವಿಗೆ ಬಂದಂತಿರಲಿಲ್ಲ. “ತಂಗಿ, ಪರದೆ ಕಪ್ಪಾಗಿದೆ. ಒಳಗೆ ಟಕ್ ಟಕ್ ಅಂತಿದೆ.”

“ಹಳೇ ಡಿಸ್ಕ್ ಅಣ್ಣ, ಹೋಗಿರುತ್ತೆ. ಹೋಗಲಿ ಬಿಡಿ, ಅದಕ್ಕೇ ಅಲ್ವಾ ಕಾಪಿ ಇಟ್ಟಿರೋದು,” ಎಂದು ಧೈರ್ಯವಾಗಿ ಹೊರಟಳು ಆಕೆ.

ಮಗಳು ಕಪ್ಪು ಪರದೆಯ ಮೇಲೆ ಬೆರಳಿಟ್ಟು ಕೂತಿದ್ದಳು. ರಿಪೇರಿ ಅಕ್ಕ ಹೊರಗಿನ ಡಿಸ್ಕನ್ನು ಕಳಚಿ ತಾನು ತಂದಿದ್ದ ಲ್ಯಾಪ್‌ಟಾಪಿಗೆ ಹಾಕಿದಳು. ತಾರೀಖಿನ ಹೆಸರಿನ ಫೋಲ್ಡರುಗಳು ದಿನಕ್ಕೊಂದರಂತೆ ಸಾಲಾಗಿ ಇರಬೇಕಿತ್ತು. ಇದ್ದದ್ದು ಒಂದೇ. ಆಕೆ ಮೊದಲ ಸಲ ಈ ಮನೆಗೆ ಬಂದು ಕಣ್ಣೆದುರು ಕಾಪಿ ಮಾಡಿ ತೋರಿಸಿದ ದಿನದ್ದು.

“ಅಣ್ಣ, ರಾತ್ರಿ ಹೊತ್ತು ಕಂಪ್ಯೂಟರ್ ಆಫ್ ಮಾಡ್ತಿದ್ರಾ?”

“ಛೆ! ನೀವು ಹೇಳಿದ ಮೇಲೆ ಒಂದು ದಿನ ಆ ಬಟನ್ ಮುಟ್ಟಿದ್ರೆ ಕೇಳಿ.”

“ಮತ್ತೆ ರಾತ್ರಿ ಅದು ಓಡ್ತಾ ಇರ್ತಿತ್ತಾ?”

ಲೈನ್‌ಮನ್ ಆಕೆಯನ್ನು ವಿಚಿತ್ರವಾಗಿ ನೋಡಿದರು. “ಓಡೋದು ಹೇಗೆ? ರಾತ್ರಿ ಮೇನ್ ಆಫ್ ಅಲ್ವಾ?”

“ಯಾವ ಮೇನ್?”

“ಮನೆ ಮೇನು. ಮಲಗಿದ ಮನೆಗೆ ಕರೆಂಟ್ಯಾಕೆ? ಮೂವತ್ತು ವರ್ಷದಿಂದ ಮಲಗೋ ಮುಂಚೆ ಮೇನ್ ಇಳಿಸಿಯೇ ಮಲಗೋದು. ಇವಳಮ್ಮ ಆಡ್ಕೋತಿದ್ಲು, ಊರಿಗೆಲ್ಲ ಬೆಳಕು ಕೊಡೋನ ಮನೆಯಲ್ಲಿ ಟಾರ್ಚು ಅಂತ. ಬೆಳಿಗ್ಗೆ ಮೇನ್ ಹಾಕಿದ್ರೆ ಕಂಪ್ಯೂಟರ್ ತಾನೇ ಎದ್ದು ಕೂರ್ತಿತ್ತು. ಬಟನ್ ಮುಟ್ಟಿಲ್ಲ, ಆಣೆ ಮಾಡಿ ಹೇಳ್ತೀನಿ.”

ಮನೆಯಲ್ಲಿ ಫ್ರಿಜ್ ಇಲ್ಲದಿರುವುದು ಆಕೆಯ ಕಣ್ಣಿಗೆ ಬಿದ್ದದ್ದು ಆಗಲೇ. ಕಂಪ್ಯೂಟರ್ ಪ್ರತಿ ನಡುರಾತ್ರಿ ಕಾಪಿ ಮಾಡಲು ಸಿದ್ಧವಾಗಿತ್ತು. ಪ್ರತಿ ರಾತ್ರಿ ಅದಕ್ಕೆ ಉಸಿರೇ ಇರಲಿಲ್ಲ. ತಪ್ಪಿದ ಸರದಿಯನ್ನು ಬೆಳಿಗ್ಗೆ ತೀರಿಸುವ ಬುದ್ಧಿ ಆ ಹಳೆಯ ಪ್ರೋಗ್ರಾಮಿಗೆ ಇರಲಿಲ್ಲ. ಓಡುತ್ತಿದ್ದ ಕಂಪ್ಯೂಟರಿಗೆ ದಿನಾ ಹಾಗೆ ಗಕ್ಕನೆ ಕರೆಂಟು ತಪ್ಪಿಸಿದ್ದೇ ಡಿಸ್ಕಿನ ಆಯುಸ್ಸನ್ನೂ ತಿಂದಿರಬೇಕು. ಅದನ್ನು ಮಾತ್ರ ಆಕೆ ಆ ದಿನ ಹೇಳಲಿಲ್ಲ. ಉಳಿದದ್ದನ್ನು ಹೇಳಿದಳು.

ಲೈನ್‌ಮನ್ ಗೋಡೆಗೆ ಒರಗಿ ಕೂತರು. ಮೊದಲು ಬಾಯಿಂದ ಬಂದದ್ದು ಒಂದೇ ಮಾತು: “ಇವಳಮ್ಮಂದು?”

“ಅಮ್ಮಂದು ಎಲ್ಲ ಇದೆ ಅಣ್ಣ. ಕೇಳಿ.” ಆಕೆ ಒಂದು ಫೈಲ್ ಒತ್ತಿದಳು. ‘ಹಸಿವು’ ಎಂದಿತು ದನಿ, ಹಿಂದೆ ಪಾತ್ರೆ ಸದ್ದು. ಲೈನ್‌ಮನ್ ಕಣ್ಣು ಮುಚ್ಚಿಕೊಂಡರು. “ಆಮೇಲೆ ನೀವು ಸೇರಿಸಿದ್ದು ಒಂದೂ ಇಲ್ಲ. ಆಗಾಗ ನೋಡ್ತಿರಿ ಅಂತ ಅವತ್ತು ನಾನು ಒಂದು ಮಾತು ಹೇಳಿದ್ರೆ ಆಗ್ತಿತ್ತು.”

“ನೀವೇನು ಮಾಡ್ತೀರಿ? ಕಂಬದ ಮೇಲೆ ದೇವರ ಮಾತೂ ನಂಬದೋನು, ಆಟೋಮ್ಯಾಟಿಕ್ ಅನ್ನೋ ಒಂದು ಮಾತು ನಂಬಿಬಿಟ್ಟೆ ನೋಡಿ.” ನಗಲು ನೋಡಿದರು, ಆಗಲಿಲ್ಲ. “ಹೋಗಲಿ. ಅವಳ ದನಿ ಉಳೀತಲ್ಲ. ನನ್ನ ದನಿ ಯಾರಿಗೆ ಬೇಕು.”

ಕೆಟ್ಟ ಡಿಸ್ಕನ್ನು ರಿಪೇರಿ ಅಕ್ಕ ಅಂಗಡಿಗೆ ಒಯ್ದು ಇಡೀ ದಿನ ಪ್ರಯತ್ನಿಸಿದಳು. ಅದರಿಂದ ಟಕ್ ಟಕ್ ಬಿಟ್ಟು ಬೇರೇನೂ ಹೊರಡಲಿಲ್ಲ. ಮಾರನೆಯ ದಿನ ಹೊಸ ಡಿಸ್ಕ್ ಹಾಕಿ, ಹಳೆಯ ಕಾಪಿಯಿಂದ ಹಲಗೆಯನ್ನು ಎಬ್ಬಿಸಿ ಕೂರಿಸಿದಳು. ಮೇಲಿನ ಸಾಲುಗಳಲ್ಲಿ ತಾಯಿಯ ಮಾತುಗಳೆಲ್ಲ ಇದ್ದಲ್ಲೇ ಇದ್ದವು. ಕೆಳಗೆ ಬೂದು ಬಣ್ಣದ ಖಾಲಿ ಚೌಕಗಳು.

“ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ,” ಎಂದರು ಲೈನ್‌ಮನ್ ಮಗಳಿಗೆ ಕೇಳದಂತೆ ದನಿ ತಗ್ಗಿಸಿ. “ನಿನ್ನೆ ಇವಳು ಯಾಕೆ ಅಂತ ಕೇಳಲಿಲ್ಲ. ಒಂದು ಗಳಿಗೆ ನೆಮ್ಮದಿ ಆಯ್ತು ನನಗೆ. ಆಮೇಲೆ ನನ್ನ ಮುಖಕ್ಕೆ ನಾನೇ ಉಗೀಬೇಕು ಅನ್ನಿಸ್ತು.”

ಅಷ್ಟರಲ್ಲಿ ಮಗಳ ಬೆರಳು ಕೆಳಗಿನ ಸಾಲಿನ ಖಾಲಿ ಚೌಕವೊಂದರ ಮೇಲೆ ಇಳಿಯಿತು. ಸದ್ದಿಲ್ಲ. ಮತ್ತೆ ಒತ್ತಿದಳು. ಸದ್ದಿಲ್ಲ.

“ಇಲ್ಲ ಮಗಾ, ಹೋಯ್ತು ಅದು,” ಎಂದರು ತಂದೆ.

ಮಗಳು ಬಾಗಿಲ ಕಡೆ ನೋಡಿ ಅದೇ ಚೌಕ ಒತ್ತಿದಳು. ಬಾಗಿಲು, ಚೌಕ. ಬಾಗಿಲು, ಚೌಕ.

“ಹೊರಗೆ ಹೋಗೋದಾ? ಅಲ್ಲಿ ‘ಹೊರಗೆ’ ಇತ್ತಾ?”

“ಹೌದು,” ಎಂದಿತು ತಾಯಿಯ ದನಿ. ಮಗಳು ಒತ್ತಿದ್ದಳು.

ರಿಪೇರಿ ಅಕ್ಕ ಎದ್ದು ನಿಂತಳು. “ಅಣ್ಣ, ಯಾವ ಮಾತು ಎಲ್ಲಿತ್ತು ಅಂತ ನಿಮಗೆ ಜ್ಞಾಪಕ ಇದೆಯಾ?”

“ಎಲ್ಲಿ ಜ್ಞಾಪಕ! ಖಾಲಿ ಇದ್ದ ಕಡೆ ತುಂಬಿಕೊಂಡು ಹೋದೆ.”

“ಇವಳಿಗಿದೆ. ದಿನಾ ಒತ್ತಿದೋಳು ಇವಳು. ಮೈಕ್ ಎಲ್ಲಿದೆ, ತನ್ನಿ.”

ಆ ಮಧ್ಯಾಹ್ನ ಆ ಕೋಣೆಯಲ್ಲಿ ನಡೆದ ಕೆಲಸದಂಥ ಕೆಲಸವನ್ನು ರಿಪೇರಿ ಅಕ್ಕ ತನ್ನ ಇಷ್ಟು ವರ್ಷದ ಕಸುಬಿನಲ್ಲಿ ಮಾಡಿರಲಿಲ್ಲ. ಮಗಳು ಖಾಲಿ ಚೌಕ ಒತ್ತುವುದು, ಕಣ್ಣಿನಲ್ಲೋ ಕತ್ತಿನಲ್ಲೋ ಸುಳಿವು ಕೊಡುವುದು, ತಂದೆ ಊಹಿಸುವುದು. ಸರಿಯಾದರೆ ‘ಹೌದು’, ತಪ್ಪಾದರೆ ‘ಬೇಡ’. ಸರಿಯಾದ ಕೂಡಲೇ ಆಕೆ ಚಿತ್ರ ಹಾಕುತ್ತಿದ್ದಳು, ಅವರು ಮೈಕಿಗೆ ಬಾಯಿಟ್ಟು ಮಾತು ತುಂಬುತ್ತಿದ್ದರು.

“ಫ್ಯಾನಾ?”

“ಬೇಡ!”

“ಟಿವಿ?”

“ಬೇಡ!”

“ಬಿಸಿಲು? ಸೆಕೆ? ಕಿಟಕಿ?”

“ಬೇಡ! ಬೇಡ! ಬೇಡ!”

“ನೋಡಿದ್ರಾ ತಂಗಿ, ಇವಳಮ್ಮ ಹೇಗೆ ಗದರ್ತಾಳೆ? ಇದ್ದಾಗಲೂ ಇದೇ ಧಾಟಿ. ನಾನು ಸಂತೆಯಿಂದ ಏನೇ ತಂದ್ರೂ ಮೊದಲ ಮಾತು ಇದೇ.” ಹಣೆಯ ಬೆವರು ಒರೆಸಿಕೊಂಡರು. “ಆಯ್ತಮ್ಮ, ಒಪ್ಪಿದೆ, ದಡ್ಡ ನಾನು. ಮುಂದಿನ ಚೌಕಕ್ಕೆ ನಡಿ.”

ಮಗಳು ಭುಜ ಕುಣಿಸಿ ನಕ್ಕಳು. ನಕ್ಕರೆ ಅವಳ ಬೆರಳು ಗುರಿ ತಪ್ಪುತ್ತಿತ್ತು. ನಗು ನಿಲ್ಲುವವರೆಗೆ ಎಲ್ಲರೂ ಕಾಯಬೇಕಾಗುತ್ತಿತ್ತು. ಒಂದು ಚೌಕ ಒತ್ತಿ ಬೆರಳನ್ನು ಎತ್ತಿ ನೇರವಾಗಿ ತಂದೆಯ ಮೂಗಿನ ಕಡೆ ತೋರಿಸಿದಾಗ ಊಹೆಯೇ ಬೇಕಾಗಲಿಲ್ಲ. “ಗೊತ್ತಾಯ್ತು, ಗೊತ್ತಾಯ್ತು. ಅದನ್ನ ಮರೆಯೋದುಂಟೇ?” ಎಂದು ಲೈನ್‌ಮನ್ ಮೈಕಿಗೆ ‘ಸುಳ್ಳು’ ಹೇಳಿದರು. ಖಾಲಿ ಕುರ್ಚಿಯೂ ಅದರ ಜಾಗಕ್ಕೆ ಬಂತು.

ಕೊನೆಗೆ ಬಲಗಡೆಯ ಮೂಲೆಯ ಚೌಕವೊಂದು ಉಳಿಯಿತು. ಮಗಳು ಅದನ್ನೊತ್ತಿ ಸೂರಿನ ಕಡೆ ಕತ್ತೆತ್ತಿದಳು. ಲೈನ್‌ಮನ್ ಎದ್ದು ಹೋಗಿ ಲೈಟ್ ಹಾಕಿದರು. ‘ಬೇಡ.’ ಆರಿಸಿದರು. ಮಗಳು ಸೂರನ್ನೇ ನೋಡುತ್ತಿದ್ದಳು. ಅಲ್ಲಿ ಉರಿಯದ ಬಲ್ಬು ನೇತಾಡುತ್ತಿತ್ತು. ಅವರ ಕೈ ಸ್ವಿಚ್ಚಿನ ಮೇಲೇ ನಿಂತಿತು.

ರಿಪೇರಿ ಅಕ್ಕನಿಗೂ ಹೊಳೆಯಿತು. ಆದರೆ ಬಾಯಿ ಬಿಡಲಿಲ್ಲ. ಆ ಮಾತನ್ನು ತಿರುಗಿ ಕೊಡುವುದೋ ಬಿಡುವುದೋ ಆ ಮನೆಯ ಯಜಮಾನರಿಗೆ ಸೇರಿದ್ದು. ಗೊತ್ತಾಗಲಿಲ್ಲ ಎಂದು ಅವರು ಎದ್ದುಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ.

ಲೈನ್‌ಮನ್ ಬಂದು ಕೂತರು. ಮೈಕನ್ನು ಹತ್ತಿರ ಎಳೆದುಕೊಂಡರು. ‘ಯಾಕೆ?’ ಎಂದರು. ಮೊದಲ ಸಲ ದನಿ ಒಡೆಯಿತು. ಮತ್ತೊಮ್ಮೆ ಹೇಳಿದರು.

ಆಕೆ ಚಿತ್ರ ಕೂರಿಸಿ ಕೈ ತೆಗೆದದ್ದೇ ತಡ, ಮಗಳು ಒತ್ತಿದಳು. “ಅಪ್ಪ,” ಎಂದಿತು ತಾಯಿಯ ದನಿ. “ಯಾಕೆ?” ಎಂದಿತು ತಂದೆಯದು. ಆಮೇಲೆ ಬೆರಳು ಹಲಗೆಯ ಕೆಳಗಿನ ಸಾಲುಗಳ ಮೇಲೆ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹರಿಯಿತು. ಅವಳು ಕೇಳುತ್ತಿದ್ದದ್ದು ಅಮ್ಮನ ವಿಷಯವಲ್ಲ. ತನ್ನ ಮಾತುಗಳು ಯಾಕೆ ಹೋದವು ಎಂದು ಕೇಳುತ್ತಿದ್ದಳು.

ಇದಕ್ಕೆ ಲೈನ್‌ಮನ್‌ ಹತ್ತಿರ ಉತ್ತರವಿತ್ತು. ಗಾಲಿಕುರ್ಚಿಯನ್ನು ತಮ್ಮ ಕಡೆ ತಿರುಗಿಸಿಕೊಂಡು ಎಲ್ಲ ಹೇಳಿದರು: ರಾತ್ರಿ ಮೇನ್ ಆಫ್ ಮಾಡುತ್ತಿದ್ದದ್ದು, ಅದರಿಂದ ಕಾಪಿ ಆಗದೇ ಹೋದದ್ದು, ತಾನು ಒಂದು ದಿನವೂ ತೆಗೆದು ನೋಡದಿದ್ದದ್ದು. “ನನ್ನಿಂದ ಆಯ್ತು ಮಗಾ,” ಎಂದರು.

“ನನ್ನಿಂದಲೂ,” ಎಂದಳು ರಿಪೇರಿ ಅಕ್ಕ.

ಮಗಳು ಇಬ್ಬರನ್ನೂ ಒಂದೊಂದು ಸಲ ನೋಡಿದಳು. ಬೆರಳು ಅಪ್ಪನ ಫೋಟೋದ ಹತ್ತಿರ ಹೋಗಿ, ಒತ್ತದೆ, ಹಾಗೇ ಮೇಲೆ ಹೋಯಿತು. “ಊಟ,” ಎಂದಿತು ಹಲಗೆ. ಮಧ್ಯಾಹ್ನದ ಊಟದ ಹೊತ್ತು ಮೀರಿದ್ದು ಆಗಲೇ ಎಲ್ಲರಿಗೂ ಗೊತ್ತಾದದ್ದು.

ಊಟವಾದ ಮೇಲೆ ಮಗಳು ಮಲಗಿದಳು. ದಿನಾ ಆ ಹೊತ್ತಿಗೆ ಮಲಗುತ್ತಾಳೆ ಎಂದು ಕೇಳಿ ತಿಳಿದುಕೊಂಡ ರಿಪೇರಿ ಅಕ್ಕ ಕಾಪಿಯ ವೇಳೆಯನ್ನು ಅದಕ್ಕೇ ಬದಲಿಸಿದಳು. ರಾತ್ರಿ ಮೇನ್ ಹಾಕಿಡಿ ಎಂದು ಹೇಳಲು ಆಕೆಗೆ ಮನಸ್ಸಾಗಲಿಲ್ಲ. ಹೇಳಿದ್ದರೂ ಆ ಮನುಷ್ಯ ನಿದ್ದೆ ಮಾಡುತ್ತಿರಲಿಲ್ಲ. ಮೇನ್ ಆಫ್ ಮಾಡುವ ಮುಂಚೆ ಕಂಪ್ಯೂಟರನ್ನು ಬಟನ್ ಒತ್ತಿಯೇ ಮಲಗಿಸಬೇಕು ಎಂದು ಮಾತ್ರ ಹೇಳಿಕೊಟ್ಟಳು. ಇನ್ನೊಂದು ಡಿಸ್ಕಿನಲ್ಲಿ ಎರಡನೆಯ ಕಾಪಿ ಮಾಡಿ, ಅದನ್ನು ತನ್ನ ಅಂಗಡಿಯಲ್ಲಿಡುವುದಾಗಿ ಹೇಳಿದಳು. ಒಂದೇ ಮನೆಯಲ್ಲಿ ಎರಡೂ ಇರಬಾರದು ಎನ್ನುವುದು ಬೆಂಕಿ ಕಂಡಿದ್ದ ಲೈನ್‌ಮನ್‌ಗೆ ವಿವರಿಸಬೇಕಾಗಲಿಲ್ಲ.

“ಆದ್ರೆ ದಿನಾ ನೋಡೋರು ಯಾರು?” ಎಂದು ಅವರೇ ಕೇಳಿದರು. “ನಾನು ನಾಲ್ಕು ದಿನ ನೋಡ್ತೀನಿ, ಐದನೇ ದಿನ ಆಗಿರುತ್ತೆ ಬಿಡು ಅಂತೀನಿ. ನನ್ನನ್ನ ನಾನು ಕಂಡಿಲ್ವಾ?” ಮಲಗಿದ್ದ ಮಗಳ ಕಡೆ ನೋಡಿದರು. “ನನ್ನನ್ನ ಬಿಡದೇ ಕೇಳೋರು ಈ ಮನೇಲಿ ಒಬ್ರೇ.”

ಹಾಗೆ ಹಲಗೆಗೆ ಆ ದಿನವೇ ಇನ್ನೊಂದು ಮಾತು ಸೇರಿತು. ಚಿತ್ರ, ಅಕ್ಕಪಕ್ಕ ನಿಂತ ಎರಡು ಕಂಬಗಳದ್ದು. ಮಾತು, ‘ಕಾಪಿ ಆಯ್ತಾ?’ ಆ ಮಾತಿಗೆ ದನಿ ಕೊಟ್ಟದ್ದು ರಿಪೇರಿ ಅಕ್ಕ. ಮಗಳು ಎದ್ದ ಮೇಲೆ ಹೊಸ ಚೌಕ ತೋರಿಸಿ ಅರ್ಥ ಹೇಳಿದರು. ಅವಳು ಅದನ್ನು ಒಂದು ಸಲ ಒತ್ತಿ ಕೇಳಿದಳು. ದನಿ ಯಾರದೆಂದು ಗುರುತಿಸಿ ರಿಪೇರಿ ಅಕ್ಕನ ಕಡೆ ತಿರುಗಿದಳು. ಆಮೇಲೆ ತಂದೆ ಡಿಸ್ಕ್ ತೆರೆದು ಅಂದಿನ ತಾರೀಖು ತೋರಿಸುವವರೆಗೂ ಒತ್ತುತ್ತಲೇ ಇದ್ದಳು.

ಈಗ ಲೈನ್‌ಮನ್ ದಿನಾ ಮಧ್ಯಾಹ್ನ ಮಗಳು ಎದ್ದ ಮೇಲೆ ಡಿಸ್ಕ್ ತೆರೆದು ಅವಳಿಗೆ ತಾರೀಖು ತೋರಿಸುತ್ತಾರೆ. ಹೊಸ ಮಾತು ಬೇಕಾದರೆ ಇಬ್ಬರೂ ಕೂತು ಚಿತ್ರ ಆರಿಸಿ, ಅವರು ದನಿ ತುಂಬುತ್ತಾರೆ. ವಾರಕ್ಕೆರಡು ದಿನ ಮಗಳ ಜೊತೆ ಶಾಲೆಗೆ ಹೋಗಿ, ಅಲ್ಲಿನ ಬೇರೆ ಮಕ್ಕಳ ಹಲಗೆಗಳ ಕಾಪಿ ಆಗಿದೆಯೇ ಎಂದು ಒಂದೊಂದಾಗಿ ತೆಗೆದು ನೋಡಿ ಬರುತ್ತಾರೆ.